ಸೈಮನ್ ಕಾಯ್ದ ಕಾರು

ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗದ ವಿಷಯಕ್ಕೆ ಜನ ಮಾತು ಬಿಟ್ಟಿದ್ದಾರೆ, ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿದ್ದಾರೆ, ಒಂದು ಸಂಸಾರವಂತೂ ಮನೆಯನ್ನೇ ಬಿಟ್ಟು ದೂರದ ಬಾಂಗ್ಸಾರ್ ಬಡಾವಣೆಗೆ ಹೋಯಿತು. ಅಲ್ಲಿ ಇದಕ್ಕಿಂತ ಕಷ್ಟವಂತೆ, ಅನುಭವಿಸಲಿ. ಸೈಬರ್‌ಜಯಾ ಎಂಬ ಈ ಮಲಯ್ ದೇಶದ ಊರನ್ನು ಕಟ್ಟಿದ ಪುಣ್ಯಾತ್ಮರು ಗಾಜಿನ ಆಫೀಸು, ಕೆರೆ, ಸಾಲು ಮರ ಎಲ್ಲವನ್ನೂ ಯೋಚಿಸಿ ಕಟ್ಟಿದರು. ಮನೆಗೆ ಮಾತ್ರ ಒಂದೇ ಕಾರು ಎಂದುಕೊಂಡುಬಿಟ್ಟರು. ಕಾರಿಲ್ಲದೆ ಅರ್ಧ ಲೀಟರ್ ಹಾಲು ತರಲೂ ಆಗದ ಊರಿನಲ್ಲಿ ಮನೆಗೆ ಒಂದೇ ಕಾರಂತೆ! ಉಳಿದವೆಲ್ಲ ಬೀದಿಗೆ ಬಂದವು.

ಜಾಗ ಸಿಗದವರು ಇನ್ನೊಬ್ಬರ ಕಾರಿಗೆ ಅಡ್ಡಲಾಗಿ ನಿಲ್ಲಿಸಿ, ಗಾಜಿನ ಹಿಂದೆ ಫೋನ್ ನಂಬರ್ ಬರೆದಿಟ್ಟು ಹೋಗುತ್ತಾರೆ. ಒಳ್ಳೆಯವರಾದರೆ ಹ್ಯಾಂಡ್‌ಬ್ರೇಕ್ ಹಾಕದೆ ಬಿಡುತ್ತಾರೆ, ಬೇಕಾದವರು ತಳ್ಳಿಕೊಳ್ಳಲಿ ಎಂದು. ಜಾಗ ಸಿಕ್ಕವರು ಕಾರು ತೆಗೆದ ಕೂಡಲೇ ಅಲ್ಲಿ ಸ್ಟೂಲೋ ಹೂಕುಂಡವೋ ಇಟ್ಟು ಹಿಡಿದಿಡುತ್ತಾರೆ. ಬೀದಿ ಇವರ ತಾತನ ಆಸ್ತಿ ನೋಡಿ! ನನ್ನ ಯಜಮಾನರು ನರಹರಿ ಸಾಧು ಮನುಷ್ಯ, ಇದರಲ್ಲೆಲ್ಲ ಬಾಯಿ ಹಾಕುವುದಿಲ್ಲ. ನಾನು ಮೈಸೂರಿನ ಅಗ್ರಹಾರದಲ್ಲಿ ನೀರಿನ ನಲ್ಲಿಯ ಮುಂದೆ ಬೆಳೆದವಳು, ನನಗೆ ಬಾಯಿ ಇದೆ.

ಈ ಬೀದಿಯಲ್ಲಿ ಯಾರೊಂದಿಗೂ ಜಗಳವಾಡದೆ ಇದ್ದವರು ಒಬ್ಬರೇ, ನಮ್ಮ ಎದುರುಬಾಗಿಲಿನ ಸೈಮನ್ ಮಿನೇಜಸ್. ಮಂಗಳೂರಿನ ಬಜಪೆ ಕಡೆಯವರು. ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ಕುಳ್ಳು ಅಂದರೆ ಕುಳ್ಳು, ಲಿಫ್ಟಿನ ಮೇಲಿನ ಗುಂಡಿ ಒತ್ತಲು ತುದಿಗಾಲಲ್ಲಿ ನಿಲ್ಲಬೇಕು. ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚರ್ಚಿಗೆ ಹೋಗುವರು. ಕ್ರಿಸ್‌ಮಸ್ಸಿಗೆ ತಾವೇ ಕರಿದ ಕುಸ್ವಾರ್ ತಿಂಡಿಗಳನ್ನು ಡಬ್ಬಿಯಲ್ಲಿ ತುಂಬಿ, "ಇದಕ್ಕೆ ಮೊಟ್ಟೆ ಹಾಕ್ಲಿಲ್ಲ ಅಕ್ಕ, ನಿಮಗೆ ಬೇರೆಯೇ ಮಾಡಿದ್ದು" ಎಂದು ಬಾಗಿಲಲ್ಲೇ ಕೊಟ್ಟು ಓಡುವರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ.

ಅವರ ಮನೆಯ ಒಂದು ಕೋಣೆಗೆ ಬಾಡಿಗೆಗೆ ಬಂದವನು ಮನೀಷ್. ಮೈಸೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ, ತೆಂಗಿನ ಮರದಷ್ಟು ಎತ್ತರ. ಬಂದ ಹೊಸದರಲ್ಲಿ ಅವನಿಗೆ ಬೈಕು ಬಿಟ್ಟರೆ ಬೇರೆ ಓಡಿಸಲು ಬರುತ್ತಿರಲಿಲ್ಲ. ಹಳೆಯ ಮೈವಿ ಒಂದನ್ನು ಕೊಂಡ. ಮೈವಿ ಎಂದರೆ ಇಲ್ಲಿ ಗಲ್ಲಿಗೊಂದು ಕಾಣುವ ಸಣ್ಣ ಕಾರು. ಇವನದು ಬೂದಿ ಬಣ್ಣದ್ದು, ಗೇರು ಕೈಯಲ್ಲೇ ಹಾಕುವಂಥದ್ದು. ಸೈಮನ್ನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆಯ ಸುತ್ತ ಕಾರು ಕಲಿಸಿದರು. "ಕ್ಲಚ್ಚು ಮಾರಾಯ, ಕ್ಲಚ್ಚು! ಅದು ಬೆಂಚು ಅಲ್ಲ ಕಾಲಿಡ್ಲಿಕ್ಕೆ!" ಎಂದು ಆ ಸೌಮ್ಯ ಮನುಷ್ಯ ಕೂಗುವುದು ನಮ್ಮ ಬಾಲ್ಕನಿಗೆ ಕೇಳುತ್ತಿತ್ತು. ಸೈಮನ್ ದನಿ ಎತ್ತಿದ್ದನ್ನು ನಾನು ಕೇಳಿದ್ದು ಆಗ ಮಾತ್ರ.

ಮನೀಷ್ ಮದುವೆಯಾಗಿ ಭವ್ಯಶ್ರೀಯನ್ನು ಕರೆತಂದಾಗ ಮೇಲಿನ ಮಹಡಿಯಲ್ಲಿ ಬೇರೆ ಮನೆ ಹಿಡಿದ. ಬೇರೆ ಮನೆ ಎಂದರೆ ಹೆಸರಿಗೆ. ಅವಳು ಹುಳಿ ಮಾಡಿದರೆ ಒಂದು ಪಾತ್ರೆ ಕೆಳಗೆ ಬರುತ್ತಿತ್ತು. ಚರ್ಚಿನಿಂದ ಬಂದ ಮೇಲೆ ಸೈಮನ್ ಮತ್ತು ಮನೀಷ್ ಇಬ್ಬರೂ ಮೂಲೆಯ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸಲ್ಮಾನರ ಹೋಟೆಲಿನಲ್ಲಿ, ರೊಟ್ಟಿ ಚನಾಯ್ ಮುರಿದು ತಿನ್ನುತ್ತ, ಗಂಟೆಗಟ್ಟಲೆ ಏನು ಮಾತಾಡುತ್ತಿದ್ದರೋ. ಭವ್ಯಶ್ರೀಗೆ ಪೊಟ್ಟಣ ಕಟ್ಟಿಸಿ ತರುವುದನ್ನು ಮರೆತರೆ ಅವಳು ಸೈಮನ್ನರನ್ನೇ ಬೈಯುವಳು, ಗಂಡನನ್ನಲ್ಲ.

ಎರಡು ಸಾವಿರದ ಇಪ್ಪತ್ತರ ಶುರುವಿನಲ್ಲಿ ಭವ್ಯಶ್ರೀ ಹೆರಿಗೆಗೆಂದು ಬೆಂಗಳೂರಿನ ತವರಿಗೆ ಹೋದಳು. ಮಾರ್ಚಿನಲ್ಲಿ ಮಗು ಹುಟ್ಟಿತೆಂದು ಮನೀಷನೂ ಹೊರಟ. "ಮುಖ ನೋಡ್ಕೊಂಡ್ ಬಂದ್ಬಿಡ್ತೀನಿ ಅಂಕಲ್" ಎಂದು ಕಾರಿನ ಕೀಲಿಯನ್ನು ಸೈಮನ್ ಕೈಗಿಟ್ಟು ಹೋದ. ಆ ವಾರವೇ ಎರಡೂ ದೇಶ ಬಾಗಿಲು ಹಾಕಿಕೊಂಡವು.

ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ. ಮಾಸ್ಕು, ಪೊಲೀಸ್ ತಡೆಗೋಡೆ, ಮನೆಗೊಬ್ಬರೇ ಅಂಗಡಿಗೆ ಹೋಗಬೇಕೆಂಬ ಕಟ್ಟಳೆ. ಆದರೆ ಕಾರುಗಳ ಗೋಳು ಯಾರೂ ಹೇಳುವುದಿಲ್ಲ. ಹಗಲಿನಲ್ಲಿ ಆಫೀಸಿಗೆ ಹೋಗಿರುತ್ತಿದ್ದ ಕಾರುಗಳೆಲ್ಲ ಒಟ್ಟಿಗೆ ಮನೆಯಲ್ಲೇ ಉಳಿದವು. ಬೀದಿಯಲ್ಲಿ ಸೈಕಲ್ ತೂರಿಸಲೂ ಜಾಗವಿಲ್ಲ. ನಿಂತಲ್ಲೇ ನಿಂತು ಬ್ಯಾಟರಿ ಸತ್ತವು, ಚಕ್ರದ ಗಾಳಿ ಇಳಿಯಿತು, ಬಾನೆಟ್ಟಿನ ಒಳಗೆ ಇಲಿ ಮರಿ ಹಾಕಿತು. ಮನೀಷನ ಮನೆಯ ಮಾಲೀಕ ಕೆಲವು ತಿಂಗಳು ಕಾದು, ಬೇರೆಯವರಿಗೆ ಕೊಟ್ಟುಬಿಟ್ಟ. ಸಾಮಾನುಗಳನ್ನೆಲ್ಲ ಸೈಮನ್ ತಮ್ಮ ಕೋಣೆಗೆ ಇಳಿಸಿಕೊಂಡರು. ಮನೆಯ ಜೊತೆ ಕಟ್ಟಡದೊಳಗಿನ ಕಾರಿನ ಜಾಗವೂ ಹೋಯಿತು. ಮೈವಿ ಬೀದಿಗೆ ಬಂತು, ನಮ್ಮ ಬಾಲ್ಕನಿಯ ನೇರ ಕೆಳಗೆ.

ಪ್ರತಿ ಭಾನುವಾರ ಸೈಮನ್ ಇಳಿದು ಹೋಗಿ ಅದನ್ನು ಸ್ಟಾರ್ಟ್ ಮಾಡಿ, ಫೋನಿನಲ್ಲಿ ಮನೀಷನಿಗೆ ತೋರಿಸುವರು. ಚರ್ಚು ಮುಚ್ಚಿತ್ತಲ್ಲ, ಇಸ್ತ್ರಿ ಅಂಗಿ ಇದಕ್ಕೇ ಹಾಕಿಕೊಳ್ಳುತ್ತಿದ್ದರು.

"ಅಂಕಲ್, ಇನ್ನೊಂಚೂರು ಆಕ್ಸಿಲೇಟರ್ ಕೊಡಿ, ಕೇಳಿಸ್ಲಿ," ಎಂದು ಅವನು ಆ ಕಡೆಯಿಂದ.

"ಕೊಟ್ಟೆ ಮಾರಾಯ. ದೇವಕಿಯಕ್ಕ ಮೇಲಿಂದ ನೋಡ್ತಾ ಇದ್ದಾರೆ, ಬೈಗುಳ ನಂಗೆ ಸಿಗುದು."

"ಹೊಗೆ ಬರ್ತಿದೆ, ಬಟ್ಟೆ ಒಣಹಾಕಿದೀನಿ!" ಎಂದು ನಾನೂ ಸುಮ್ಮನಿರುತ್ತಿರಲಿಲ್ಲ. ಫೋನಿನಲ್ಲಿ ಮನೀಷ್ ನಗುವುದು ಕೇಳಿಸುತ್ತಿತ್ತು. ಮಗುವನ್ನು ಎತ್ತಿ ತೋರಿಸುತ್ತಿದ್ದ. ಗಡಿ ತೆರೆದ ಕೂಡಲೇ ಮೂವರೂ ಬರುತ್ತೇವೆ ಎನ್ನುತ್ತಿದ್ದ. ಹೀಗೆ ವರ್ಷ ತುಂಬಿತು. ಗಡಿ ತೆರೆಯಲಿಲ್ಲ.

ಮಾರನೆಯ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಆಕ್ಸಿಜನ್ನಿಗೆ ಜನ ಬೀದಿಬೀದಿ ಅಲೆಯುತ್ತಿದ್ದಾಗ ಮನೀಷ್ ಹೋಗಿಬಿಟ್ಟ. ಆಸ್ಪತ್ರೆಯ ಹಾಸಿಗೆ ಸಿಕ್ಕಿತ್ತು, ಪ್ರಯೋಜನವಾಗಲಿಲ್ಲ. ಮೂವತ್ತೈದು ತುಂಬಿರಲಿಲ್ಲ. ವಿಷಯ ತಿಳಿದ ಕೂಡಲೇ ನಾನು ಭವ್ಯಶ್ರೀಗೆ ಫೋನು ಮಾಡಿ ಅತ್ತೆ. ನಮ್ಮ ಕನ್ನಡದವರೆಲ್ಲ ಮಾಡಿದರು. ಅನ್ನ ಸೇರಲಿಲ್ಲ ನನಗೆ ಅವತ್ತು. ಸಂಜೆ ಮೆಟ್ಟಿಲ ಮೇಲೆ ಸೈಮನ್ ಸಿಕ್ಕರು, ಕೈಯಲ್ಲಿ ಕಸದ ಚೀಲ.

"ಹೋದನಂತೆ," ಎಂದರು.

"ಹೌದಂತೆ," ಎಂದೆ.

ಅವರು ಕಸ ಹಾಕಲು ಹೋದರು.

ಕೆಲವು ದಿನ ಬಿಟ್ಟು ಭವ್ಯಶ್ರೀ ಅವರಿಗೆ ಫೋನು ಮಾಡಿದ್ದಳು. ಸೈಮನ್ ಅದನ್ನು ನನಗೆ ಹೇಳಿದ್ದು ಆಮೇಲೆ, ನಾನು ಕೆದಕಿ ಕೇಳಿದ್ದಕ್ಕೆ. ಕೇಳಲು ಕಾರಣ ದಿಂಬು. ಒಂದು ಭಾನುವಾರ ಈ ಮನುಷ್ಯ ಎರಡು ದಿಂಬು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದು, ಮೈವಿಯ ಡ್ರೈವರ್ ಸೀಟಿನಲ್ಲಿ ಬೆನ್ನಿಗೆ ಇಟ್ಟುಕೊಂಡು ಕುಳಿತರು. ಕುಳಿತರು ಎನ್ನುವುದಕ್ಕಿಂತ ತುದಿಯಲ್ಲಿ ನೇತಾಡಿದರು. ಸೀಟು ಆ ಎತ್ತರದ ಹುಡುಗನಿಗೆ ತಕ್ಕಂತೆ ಬಹಳ ಹಿಂದಕ್ಕಿತ್ತು. ಮುಂಚೆಲ್ಲ ಸೈಮನ್ ಅದನ್ನು ಮುಂದಕ್ಕೆ ಎಳೆದುಕೊಂಡು, ಆಮೇಲೆ ಹಿಂದಕ್ಕೆ ತಳ್ಳಿ ಬರುತ್ತಿದ್ದರು. ಈಗ ದಿಂಬು. ನನ್ನ ಮಗಳು ಸಮೀಕ್ಷಾ ಬಿದ್ದುಬಿದ್ದು ನಕ್ಕಳು. "ಅಮ್ಮಾ, ಹೀ ಲುಕ್ಸ್ ಲೈಕ್ ಅ ಬೇಬಿ ಇನ್ ಅ ಹೈ ಚೇರ್, ಲಾ!" ಎಂದಳು. ಈ ಮಕ್ಕಳಿಗೆ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ, ಕೊನೆಗೆ ಇಲ್ಲಿಯವರ 'ಲಾ' ಬೇರೆ.

"ಏನು ಸೈಮನ್ನವರೇ, ದಿಂಬು ಇಟ್ಕೊಂಡು ಡ್ರೈವಿಂಗಾ?" ಎಂದೆ ಮೇಲಿನಿಂದ.

ಅವರು ಮೆಟ್ಟಿಲು ಹತ್ತಿ ಬಂದು, ಬಾಗಿಲ ಹೊರಗೇ ನಿಂತು ಹೇಳಿದರು. "ಭವ್ಯ ಹೇಳಿದ್ದು ಅಕ್ಕ. ಅವ ಕೂತ್ಕೊಳ್ತಿದ್ದ ಸೀಟು, ಅವ ತಿರುಗಿಸಿಟ್ಟ ಕನ್ನಡಿ, ಎಂತದೂ ಅಲುಗಿಸಬೇಡಿ ಅಂತ. ಬಂದು ಒಂದ್ಸಲ ಅದ್ರಲ್ಲಿ ಕೂತ್ಕೊಳ್ತೇನೆ ಅಂತ ತುಂಬಾ ಅತ್ಲು. ಮಾತು ಕೊಟ್ಟಾಯ್ತು."

"ಎಳೆದ್ರೆ ಮತ್ತೆ ಅಲ್ಲೇ ತಳ್ಬೋದಲ್ಲ?"

"ಅದೇ ಜಾಗಕ್ಕೆ ಬರ್ಬೇಕಲ್ಲ, ಸೀಟು ಒಂದು ಹಲ್ಲು ಆಚೆ ಈಚೆ ಆದ್ರೆ? ನಂಗೆ ಗೊತ್ತಾಗುದಿಲ್ಲ. ಅವಳಿಗೆ ಗೊತ್ತಾಗ್ತದೆ."

ಒಳಗೆ ಇನ್ನೂ ನಗುತ್ತಿದ್ದ ಸಮೀಕ್ಷಾಳನ್ನು ಗದರಿಸಿದೆ.

ಆಯುಧಪೂಜೆ ಬಂತು. ನಮ್ಮ ಕಾರಿಗೆ ನರಹರಿ ಹೂವು ಏರಿಸುತ್ತಿದ್ದರು. ಸೈಮನ್ ಬಂದು ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ನನ್ನನ್ನು ಕರೆದು ಕೇಳಿದರು. "ಅಕ್ಕ, ಮನೀಷ ಪ್ರತಿ ವರ್ಷ ಮಾಡ್ತಿದ್ದ. ನಿಂಬೆಹಣ್ಣು ಉಂಟಾ? ನಂಗೆ ಮಂತ್ರ ಗೊತ್ತಿಲ್ಲ, ನಮ್ದು ಪ್ರಾರ್ಥನೆ ಹೇಳ್ಬಹುದಾ?"

ಅಯ್ಯೋ ದೇವರೇ, ಎಂದುಕೊಂಡೆ. ಇವರಿಗೆ ಹೇಗೆ ತಿಳಿಸಲಿ? "ಸೈಮನ್ನವರೇ, ಸತ್ತು ವರ್ಷ ತುಂಬೋವರ್ಗೂ ಆ ಮನೇಲಿ ಹಬ್ಬ ಇಲ್ಲ. ಪೂಜೆ ಮಾಡಬಾರದು."

ಅವರು ಕಾರನ್ನು ನೋಡಿದರು, ನನ್ನನ್ನು ನೋಡಿದರು. "ಗಾಡಿಗೂ ಸೂತಕ ಉಂಟಾ ಅಕ್ಕ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿ ತಿಳಿಯಬೇಕೆಂದು.

ಒಳಗೆ ಹೋಗಿ ನಾಲ್ಕು ನಿಂಬೆಹಣ್ಣು, ಚಿಟಿಕೆ ಕುಂಕುಮ ತಂದುಕೊಟ್ಟೆ. ಶಾಸ್ತ್ರ ಏನಾದರೂ ಹೇಳಿಕೊಳ್ಳಲಿ. ಸೈಮನ್ ಚಕ್ರಗಳ ಕೆಳಗೆ ಒಂದೊಂದು ಇಟ್ಟು, ಬಾನೆಟ್ಟಿನ ಮೇಲೆ ಕುಂಕುಮ ಹಚ್ಚಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ದಿಂಬುಗಳನ್ನು ಬೆನ್ನಿಗಿಟ್ಟು ನೇತಾಡುತ್ತ ಕಾರನ್ನು ಒಂದು ಮೊಳ ಮುಂದೆ ಬಿಟ್ಟರು. ಮೂರು ಹಣ್ಣು ಒಡೆದವು. ನಾಲ್ಕನೆಯದು ಉರುಳಿ ಚರಂಡಿಗೆ ಹೋಯಿತು.

ಡಿಸೆಂಬರಿನಲ್ಲಿ ಆ ಮಳೆ ಬಂತು. ವರ್ಷದ ಕೊನೆಗೆ ಇಲ್ಲಿ ಮಳೆ ಬರುವುದೇ, ಅದರಲ್ಲೇನು ಎಂದು ಶುಕ್ರವಾರ ಎಲ್ಲರೂ ಕಿಟಕಿ ಹಾಕಿಕೊಂಡು ಕೂತೆವು. ಶನಿವಾರ ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಚರಂಡಿಯ ನೀರು ಒಳಗೆ ಹೋಗುವ ಬದಲು ಹೊರಗೆ ಉಕ್ಕತೊಡಗಿತು. ಕಾವಲುಗಾರ ಸಿಳ್ಳೆ ಊದುತ್ತ, "ಬಾಂಜಿರ್! ಬಾಂಜಿರ್! ಕೆರೆತಾ ತೆಗೀರಿ!" ಎಂದು ಅವನ ಮಲಯ್, ನಮ್ಮ ಕನ್ನಡ ಎಲ್ಲ ಕಲಸಿ ಕೂಗಿದ. ನೆರೆ ಬಂತು, ಕಾರು ತೆಗೆಯಿರಿ ಎಂದು. ಬೀದಿಯ ಜನವೆಲ್ಲ ಕೀಲಿ ಹಿಡಿದು ಓಡಿದರು. ಅಂಗಡಿಗಳ ಕಡೆ ರಸ್ತೆ ಏರುತ್ತದೆ, ಅಲ್ಲಿಗೆ ಮುಟ್ಟಿಸಿದರೆ ಕಾರು ಉಳಿದಂತೆ. ಅಡ್ಡ ನಿಲ್ಲಿಸಿದ್ದ ಕಾರುಗಳನ್ನು ನಾಲ್ಕು ಜನ ಸೇರಿ ತಳ್ಳಿದರು, ಬೈದುಕೊಂಡರು, ಹಾರ್ನು ಹೊಡೆದರು.

ಸೈಮನ್ನರ ಸ್ವಂತ ಕಾರು ಕಟ್ಟಡದೊಳಗೆ ಎತ್ತರದಲ್ಲಿತ್ತು. ಅವರು ಮೊಣಕಾಲುದ್ದದ ನೀರಿನಲ್ಲಿ ಮೈವಿಗೆ ಬಂದರು. ಕೈಯಲ್ಲಿ ದಿಂಬಿಲ್ಲ. ಓಡಿ ಬರುವ ಅವಸರಕ್ಕೆ ಮರೆತಿದ್ದರು. ಅಷ್ಟು ಹೊತ್ತಿಗೆ ಲಿಫ್ಟು ನಿಂತಿತ್ತು, ಹಿಂದೆ ಹೋಗಿ ತರುವ ಸಮಯವೂ ಇರಲಿಲ್ಲ. ಬಾಗಿಲು ತೆರೆದು ಕುಳಿತರು. ಸ್ಟಾರ್ಟ್ ಆಯಿತು. ಕ್ಲಚ್ಚಿಗೆ ಕಾಲು ಮುಟ್ಟಬೇಕಲ್ಲ, ಸೀಟಿನಿಂದ ಜಾರಿ ಕೆಳಗಿಳಿದರು. ಕೆಳಗಿಳಿದರೆ ಮುಂದಿನ ಗಾಜಿನಲ್ಲಿ ರಸ್ತೆ ಕಾಣುವುದಿಲ್ಲ. ಮೇಲಿದ್ದ ನನಗೆ ಸ್ಟೇರಿಂಗಿನ ಹಿಂದೆ ಬರೀ ಹಣೆ ಕಾಣುತ್ತಿತ್ತು.

"ಸೈಮನ್ನವರೇ! ಸೀಟು ಮುಂದಕ್ಕೆ ಎಳ್ಕೊಳ್ಳಿ!" ಎಂದು ಕಿರುಚಿದೆ. ಮಳೆಯ ಸದ್ದಿನಲ್ಲೂ ಅವರಿಗೆ ಕೇಳಿಸಿತು. ತಲೆ ಎತ್ತಿ ನನ್ನ ಕಡೆ ನೋಡಿದರು. ಇನ್ನೂ ತೆರೆದಿದ್ದ ಬಾಗಿಲಿನಲ್ಲಿ, ಸೀಟಿನ ಕೆಳಗಿನ ಕಂಬಿಗೆ ಕೈ ಹಾಕಿದ್ದನ್ನೂ ನಾನು ಕಂಡೆ. ಒಂದು ಎಳೆತ ಸಾಕಿತ್ತು. ಕೈ ಹಾಗೇ ವಾಪಸು ಬಂತು.

ಕಾರು ಹೊರಟಿತು. ಕುಪ್ಪಳಿಸುತ್ತ ಮುಂದೆ ಹೋಯಿತು, ಬೀದಿಯ ತಗ್ಗಿನಲ್ಲಿ ಕ್ಲಚ್ಚು ಕಾಲಿನಿಂದ ಜಾರಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರು. ಎಂಜಿನ್ನು ಕೆಮ್ಮಿತು, ಒಳಗೆ ನೀರು ಎಳೆದುಕೊಂಡು ಸತ್ತಿತು. ಹಿಂದಿನವರು ಹಾರ್ನು ಹೊಡೆದು ಹೊಡೆದು ಕೊನೆಗೆ ಇಳಿದು ಬಂದು ತಳ್ಳಿ ಬದಿಗೆ ಹಾಕಿದರು. ಸಂಜೆಯ ಹೊತ್ತಿಗೆ ನೀರು ಕಿಟಕಿಯ ಗಾಜು ಮುಟ್ಟಿತ್ತು. ಸೈಮನ್ ನಮ್ಮ ಬಾಲ್ಕನಿಯಲ್ಲಿ ನಿಂತು ನೋಡಿದರು. ಅವರು ನಮ್ಮ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕಾಫಿ ಕೊಟ್ಟೆ, ಲೋಟ ಹಿಡಿದೇ ನಿಂತಿದ್ದರು, ಕುಡಿಯಲಿಲ್ಲ.

ನೀರು ಇಳಿದ ಮೇಲೆ ಬೀದಿಯನ್ನು ನೋಡಬೇಕಿತ್ತು. ಎರಡೂ ಬದಿಗೆ ಸೋಫಾ, ಹಾಸಿಗೆ, ಫ್ರಿಜ್ಜು, ಮಕ್ಕಳ ಪುಸ್ತಕ, ಎಲ್ಲದರ ಮೇಲೂ ಕಂದು ಕೆಸರು, ಆಳೆತ್ತರದ ಗುಡ್ಡೆ. ಪುರಸಭೆಯ ಲಾರಿಗಳು, ಕೆಸರು ಎತ್ತುವ ಯಂತ್ರಗಳು ಬಂದವು. ಒಂದು ದಿನ ಎಡಬದಿ ಖಾಲಿ ಮಾಡಬೇಕು, ಇನ್ನೊಂದು ದಿನ ಬಲಬದಿ. ಅಡ್ಡ ನಿಂತ ಕಾರನ್ನು ಎತ್ತಿಕೊಂಡು ಹೋಗುತ್ತೇವೆ ಎಂದು ಸಾರಿದರು. ಕೆಟ್ಟ ಕಾರುಗಳನ್ನು ಜನ ಗುಜರಿಯವರಿಗೆ ಕೊಟ್ಟು ಕೈ ತೊಳೆದುಕೊಂಡರು. ಸೈಮನ್ ಕೊಡಲಿಲ್ಲ. ಎಡಬದಿಯ ದಿನ ಮಾಮಕ್ ಅಂಗಡಿಯ ಇಬ್ಬರು ಕೆಲಸದವರನ್ನು ಕರೆತಂದು ಮೈವಿಯನ್ನು ಬಲಕ್ಕೆ ತಳ್ಳಿಸುವರು. ಬಲಬದಿಯ ದಿನ ಎಡಕ್ಕೆ. ನಡುವೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಳಗಿನ ಕೆಸರು ತಿಕ್ಕುವರು. ಡ್ರೈವರ್ ಸೀಟನ್ನು ಕುಳಿತು ತಿಕ್ಕಲಿಲ್ಲ, ಹೊರಗೆ ಬಗ್ಗಿ ನಿಂತು ತಿಕ್ಕಿದರು.

ವಾಸನೆ ಹೇಳಬಾರದು. ಬೀದಿ ಪೂರ್ತಿ ಸ್ವಚ್ಛವಾಗಿ, ಚೀನಿ ಹೊಸವರ್ಷಕ್ಕೆ ಕೆಂಪು ದೀಪ ಕಟ್ಟಿದ ಮೇಲೂ ಆ ಒಂದು ಕಾರು ನಾರುತ್ತ ನಿಂತಿತ್ತು. ನಮ್ಮ ನಿವಾಸಿಗಳ ಸಂಘದ ಚೇತನ, ಬೆಂಗಳೂರಿನ ಜಯನಗರದ ಹುಡುಗ, ಒಂದು ಬೆಳಿಗ್ಗೆ ಬಂದು ಅವರನ್ನು ತರಾಟೆಗೆ ತೆಗೆದುಕೊಂಡ.

"ಅಂಕಲ್, ಸೆಂಟಿಮೆಂಟ್ಸ್ ಎಲ್ಲ ಓಕೆ, ಬಟ್ ಇದು ಡೆಡ್ ಗಾಡಿ. ಒಂದು ಪಾರ್ಕಿಂಗ್ ಸುಮ್ನೆ ವೇಸ್ಟ್ ಆಗ್ತಿದೆ. ನನ್ ವೈಫ್ ಪ್ರೆಗ್ನೆಂಟ್, ಅವ್ಳು ಅಷ್ಟ್ ದೂರದಿಂದ ನಡ್ಕೊಂಡ್ ಬರ್ತಾಳೆ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಹಾಳಾದವನು. ಸೈಮನ್ ಕೈಮುಗಿದರು. "ಗಡಿ ತೆಗೆಯುವಷ್ಟು ದಿನ ಕೊಡಿ ಮಾರಾಯ್ರೆ. ಅವಳು ಬಂದು ಒಂದ್ಸಲ ಕೂತ್ಕೊಳ್ಳಲಿ. ಮತ್ತೆ ನಾನೇ ಎತ್ತಿಸ್ತೇನೆ." ಚೇತನನಿಗೂ ಏನನ್ನಿಸಿತೋ, ಗೊಣಗುತ್ತ ಹೋದ. ಅಂದಿನಿಂದ ಸೈಮನ್ ತಮ್ಮ ಕಾರನ್ನು ದೂರದ ಅಂಗಡಿ ಸಾಲಿನಲ್ಲಿ ನಿಲ್ಲಿಸಿ, ಕಟ್ಟಡದೊಳಗಿನ ತಮ್ಮ ಜಾಗವನ್ನು ಚೇತನನ ಹೆಂಡತಿಗೆ ಬಿಟ್ಟುಕೊಟ್ಟರು. ಮಳೆಯಲ್ಲಿ ಕೊಡೆ ಹಿಡಿದು ಅಷ್ಟು ದೂರದಿಂದ ನಡೆದು ಬರುವರು. ನೋಡಿ ನೋಡಿ ನನಗೆ ಸಿಟ್ಟು. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಏಪ್ರಿಲ್ಲಿನಲ್ಲಿ ಗಡಿ ತೆರೆಯಿತು. ಮೇ ತಿಂಗಳಲ್ಲಿ ಭವ್ಯಶ್ರೀ ಬಂದಳು, ಸಾಮಾನು ತೆಗೆದುಕೊಂಡು ಹೋಗುವುದಕ್ಕೆ. ಜೊತೆಗೆ ಎರಡು ವರ್ಷದ ಮಗಳು. ಅಪ್ಪನದೇ ಉದ್ದ ಕಾಲು. ನಮ್ಮ ಮನೆಯಲ್ಲೇ ಇಳಿಸಿಕೊಂಡೆ. ತೆಳ್ಳಗಾಗಿದ್ದಳು, ಆದರೆ ಮುಖದಲ್ಲಿ ಒಂದು ಗಟ್ಟಿತನ ಬಂದಿತ್ತು. ಬೆಂಗಳೂರಿನಲ್ಲಿ ಶಾಲೆಯೊಂದರಲ್ಲಿ ಕೆಲಸ ಹಿಡಿದಿದ್ದಳು. ಬೆಳಿಗ್ಗೆ ಸೈಮನ್ ಇಸ್ತ್ರಿ ಅಂಗಿ ಹಾಕಿಕೊಂಡು, ಕೀಲಿ ಹಿಡಿದು ಬಾಗಿಲಲ್ಲಿ ನಿಂತರು. ಕೆಳಗಿಳಿದೆವು.

ಭವ್ಯಶ್ರೀ ಕಾರಿನ ಮುಂದೆ ನಿಂತಳು. ಬಾನೆಟ್ಟಿನ ಅಂಚು ತುಕ್ಕು ಹಿಡಿದಿತ್ತು, ಚಕ್ರಗಳು ಚಪ್ಪಟೆ, ಕಿಟಕಿಯವರೆಗೆ ನೀರು ನಿಂತ ಕಂದು ಗೆರೆ ತಿಕ್ಕಿದರೂ ಹೋಗಿರಲಿಲ್ಲ.

"ಅಂಕಲ್, ಇದನ್ನ ಇನ್ನೂ ಇಟ್ಕೊಂಡಿದೀರಾ?" ಎಂದಳು.

ಸೈಮನ್ ಬಾಗಿಲು ತೆರೆದು ಹಿಡಿದರು. "ಬಾ. ಸೀಟು ಮುಟ್ಲಿಲ್ಲ ನಾನು. ಕನ್ನಡಿಯೂ ಹಾಗೇ ಉಂಟು. ನೀರು ಬಂದಾಗ ಓಡಿಸ್ಲಿಕ್ಕೆ ಆಗ್ಲಿಲ್ಲ, ಅದೊಂದು ತಪ್ಪಾಯ್ತು. ಸೀಟು ಎಳೆದಿದ್ರೆ ಗಾಡಿ ಉಳೀತಿತ್ತು. ಆದ್ರೆ ನೀನು ಹೇಳಿದ್ಯಲ್ಲ..."

"ನಾನಾ? ಏನ್ ಹೇಳಿದ್ದೆ?"

"ಸೀಟು ಅಲುಗಿಸಬೇಡಿ ಅಂತ. ಬಂದು ಕೂತ್ಕೊಳ್ತೇನೆ ಅಂತ."

ಅವಳು ನನ್ನ ಮುಖ ನೋಡಿದಳು. ಅವಳಿಗೆ ನೆನಪಿರಲಿಲ್ಲ. ಪಾಪ, ಆ ದಿನಗಳಲ್ಲಿ ಯಾರಿಗೆ ಏನು ಹೇಳಿದ್ದಳೋ, ಯಾರಿಗೆ ನೆನಪಿರುತ್ತದೆ? ಗಂಡನ ಅಂಗಿ ಒಗೆಯಬೇಡಿ ಎಂದಿದ್ದಳಂತೆ, ಚಪ್ಪಲಿ ತೆಗೆಯಬೇಡಿ ಎಂದಿದ್ದಳಂತೆ. ಅಂಗಿಗಳನ್ನು ಆಮೇಲೆ ತಾನೇ ಒಗೆದು ಕೊಟ್ಟುಬಿಟ್ಟಿದ್ದಳಂತೆ. ಸೈಮನ್ನರಿಗೂ ಅವಳ ಮುಖದಲ್ಲಿ ಅದು ಕಂಡಿತು. ಬಾಗಿಲು ಹಿಡಿದ ಕೈ ಹಾಗೇ ಇತ್ತು. "ತೊಂದ್ರೆ ಇಲ್ಲ, ತೊಂದ್ರೆ ಇಲ್ಲ," ಎಂದರು, ಯಾರೋ ಕ್ಷಮೆ ಕೇಳಿದ ಹಾಗೆ.

ಭವ್ಯಶ್ರೀ ಮಗುವನ್ನು ನನ್ನ ಕೈಗೆ ಕೊಟ್ಟು ಕಾರಿನೊಳಗೆ ಕುಳಿತಳು. ಕೂರಬೇಕೆಂಬ ಆಸೆಯಿಂದಲ್ಲ, ಸೈಮನ್ನರಿಗಾಗಿ ಕೂತದ್ದು ನನಗೆ ತಿಳಿಯಿತು. ಆ ವಾಸನೆಯಲ್ಲಿ ಮೂಗಿಗೆ ಸೆರಗೂ ಹಿಡಿಯದೆ ಸ್ವಲ್ಪ ಹೊತ್ತು ಇದ್ದಳು. ಇಳಿದು ಬಂದು, "ಸಾಕು ಅಂಕಲ್, ಕಳ್ಸಿಬಿಡೋಣ," ಎಂದಳು.

"ಆಯ್ತು," ಎಂದರು ಸೈಮನ್.

ಮರುದಿನ ಬೆಳಿಗ್ಗೆ ಗುಜರಿಯ ಲಾರಿ ಬಂತು. ತಮಿಳಿನವನು ಡ್ರೈವರು, ಕೊಕ್ಕೆ ಹಾಕಿ, "ಅಣ್ಣೆ, ತೂಕ್ಕಟ್ಟುಮಾ?" ಎಂದು ಕೇಳಿದ. ಎತ್ತಲೇ ಎಂದು. ಸೈಮನ್ ತಲೆಯಾಡಿಸಿದರು. ಕಾರಿನ ಮೂತಿ ಮೇಲೆದ್ದಿತು. ಹಿಂದಿನಿಂದ ಕೆಸರುನೀರು ಇನ್ನೂ ಸುರಿಯಿತು. ಅಷ್ಟು ತಿಂಗಳು ತಿಕ್ಕಿದರೂ ಎಲ್ಲಿ ಉಳಿದಿತ್ತೋ. ಅವರು ಅಂಗಿಯ ತೋಳನ್ನು ಸರಿಮಾಡಿಕೊಂಡು ನೆಟ್ಟಗೆ ನಿಂತರು, ಚರ್ಚಿನಲ್ಲಿ ನಿಂತ ಹಾಗೆ.

ಆಗ ಭವ್ಯಶ್ರೀ ಅವರ ಪಕ್ಕಕ್ಕೆ ಹೋದಳು. "ಅಂಕಲ್, ಅವ್ರು ಹೋದಾಗ ನಮ್ಮನೆ ಫೋನು ಹೊಡ್ಕೊಳ್ತಾನೇ ಇತ್ತು. ಹೆಸರು ಗೊತ್ತಿಲ್ದೋರೆಲ್ಲ ಸಮಾಧಾನ ಹೇಳಿದ್ರು. ಇಲ್ಲಿಂದ್ಲೂ ಎಷ್ಟು ಜನ ಮಾಡಿದ್ರು." ಅವಳು ನಿಲ್ಲಿಸಿ ಅವರ ಮುಖ ನೋಡಿದಳು. "ನಿಮಗೆ ಯಾರು ಸಮಾಧಾನ ಹೇಳಿದ್ರು?"

ಇವರದು ನಮ್ಮ ಎದುರುಬಾಗಿಲು. ನಾವೆಲ್ಲ ಬೆಂಗಳೂರಿಗೆ ಫೋನು ಹಚ್ಚಿದ್ದೆವು, ಆ ಬಾಗಿಲು ಮಾತ್ರ ತಟ್ಟಿರಲಿಲ್ಲ.

"ನಂಗೆ ಯಾಕೆ ಹೇಳುದು?" ಎಂದರು ಸೈಮನ್. ನಗಲು ನೋಡಿದರು. "ನಾನು ಅವನಿಗೆ ಎಂತ ಆಗ್ಬೇಕು ಹೇಳು. ಅಪ್ಪನಾ? ಅಣ್ಣನಾ? ಬಾಡಿಗೆ ಕೋಣೆ ಕೊಟ್ಟವ. ಅಷ್ಟೇ ಅಲ್ವಾ..."

ಮಾತು ಅಲ್ಲೇ ಮುರಿಯಿತು. ರಸ್ತೆಯ ಅಂಚಿನ ಕಟ್ಟೆಯ ಮೇಲೆ ಕುಸಿದರು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಇಷ್ಟು ವರ್ಷ ನಮ್ಮ ಎದುರು ಗಟ್ಟಿಯಾಗಿ ಕೆಮ್ಮದ ಮನುಷ್ಯ, ದನಿ ತೆಗೆದು ಅತ್ತರು. ಭವ್ಯಶ್ರೀ ಅವರ ಪಕ್ಕದಲ್ಲಿ ನೆಲಕ್ಕೇ ಕುಳಿತು, ಬೆನ್ನ ಮೇಲೆ ಕೈಯಿಟ್ಟಳು. ಮಗು ನನ್ನ ಸೊಂಟದ ಮೇಲಿಂದ ಬಗ್ಗಿ ಬಗ್ಗಿ ನೋಡುತ್ತಿತ್ತು. ಲಾರಿಯವನು ಎಂಜಿನ್ನು ಆರಿಸಿ ಇಳಿದು, ಟೋಪಿ ತೆಗೆದು ನಿಂತ.

ಲಾರಿ ದಾರಿಗೆ ಅಡ್ಡವಾಗಿತ್ತು. ಹಿಂದೆ ಒಂದು, ಎರಡು, ಆಮೇಲೆ ಸಾಲಾಗಿ ಕಾರುಗಳು ನಿಂತವು. ಯಾರೋ ಹಾರ್ನು ಹೊಡೆದರು. ಇನ್ನೊಬ್ಬರು ಕಿಟಕಿ ಇಳಿಸಿ, "ವಾಟ್ಸ್ ದಿ ಪ್ರಾಬ್ಲಮ್, ಲಾ?" ಎಂದು ಕೂಗಿದರು. ನಾನು ಮಗುವನ್ನು ಎತ್ತಿಕೊಂಡೇ ನಡುರಸ್ತೆಗೆ ಹೋಗಿ ನಿಂತೆ.

"ಹಾರ್ನ್ ನಿಲ್ಸ್ರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. "ಇಲ್ಲಿ ಇವರ ಹುಡುಗ ತೀರ್ಕೊಂಡಿದಾನೆ!"

ಕನ್ನಡ ಯಾರಿಗೆ ತಿಳಿಯಿತೋ ಗೊತ್ತಿಲ್ಲ. ಹಾರ್ನು ನಿಂತಿತು. ಸೈಮನ್ ಅಳುತ್ತಲೇ ಇದ್ದರು.